ಇಳಕಲ್ ಸೀರೆಯ ಆನ್‌ಲೈನ್ ಅಂಗಡಿಗೆ ಬ್ಯಾಕ್‌ಲಿಂಕ್ ಗಳಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ ಜಿಲ್ಲೆಯ ಇಳಕಲ್‌ನ ನಾಲ್ಕಾರು ನೇಕಾರ ಕುಟುಂಬಗಳಿಂದ ಸೀರೆ ತರಿಸಿ ಮಾರುವ ಸಣ್ಣ ಆನ್‌ಲೈನ್ ಅಂಗಡಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆಸಿಯಾಗಿದೆ, ಬೆಲೆ ಹಾಕಿಯಾಗಿದೆ, ಹಣ ಪಾವತಿಗೂ ಕೊರಿಯರ್‌ಗೂ ವ್ಯವಸ್ಥೆಯಾಗಿದೆ. ಆದರೂ ಗೂಗಲ್‌ನಲ್ಲಿ ‘ಇಳಕಲ್ ಸೀರೆ’ ಎಂದು ಹುಡುಕುವವರಿಗೆ ಈ ಅಂಗಡಿ ಮೂರನೆಯ ಪುಟದಲ್ಲೂ ಸಿಗುವುದಿಲ್ಲ. ಇದಕ್ಕೆ ಹಲವು ಕಾರಣಗಳಿರಬಹುದಾದರೂ ಹೊಸ ಅಂಗಡಿಗಳಲ್ಲಿ ಮತ್ತೆಮತ್ತೆ ಕಾಣುವ ಕಾರಣವೆಂದರೆ, ಬೇರೆ ಯಾವ ಜಾಲತಾಣವೂ ಆ ಅಂಗಡಿಯನ್ನು ಹೆಸರಿಸಿ ಕೊಂಡಿ ಕೊಟ್ಟಿರುವುದಿಲ್ಲ. ಹಾಗೆ ಹೊರಗಿನಿಂದ ನಮ್ಮ ಪುಟಕ್ಕೆ ಬರುವ ಕೊಂಡಿಯನ್ನೇ ಬ್ಯಾಕ್‌ಲಿಂಕ್ ಎನ್ನುತ್ತಾರೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಪ್ರಕಟಿಸಿದ ಪೇಜ್‌ರ‍್ಯಾಂಕ್ ವಿಧಾನದ ತಿರುಳು ಸರಳವಾದುದು: ಒಂದು ಪುಟವು ಇನ್ನೊಂದಕ್ಕೆ ಕೊಡುವ ಕೊಂಡಿ ಒಂದು ಶಿಫಾರಸು, ಶಿಫಾರಸು ಮಾಡುವವರಿಗೇ ಎಷ್ಟು ಶಿಫಾರಸುಗಳಿವೆ ಎಂಬುದರ ಮೇಲೆ ಅದರ ತೂಕ ನಿಂತಿದೆ, ಮತ್ತು ಒಂದೇ ಪುಟ ನೂರು ಕಡೆಗೆ ಕೊಂಡಿ ಕೊಟ್ಟರೆ ಆ ತೂಕ ನೂರು ಪಾಲಾಗುತ್ತದೆ. ಇಂದಿನ ಗೂಗಲ್ ಇದರ ಜೊತೆಗೆ ಇನ್ನೂ ಅನೇಕ ಅಂಶಗಳನ್ನು ಪರಿಗಣಿಸುತ್ತದೆಯಾದರೂ ಈ ತರ್ಕ ಅಳಿದಿಲ್ಲ. ಮದುವೆಯ ಜವಳಿ ಕೊಳ್ಳಲು ಹೊರಟವರಿಗೆ ಊರಿನ ಹಿರಿಯರೊಬ್ಬರು ಹೇಳುವ ಅಂಗಡಿಯ ಹೆಸರಿಗೂ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಕರಪತ್ರಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮೊದಲ ಹೆಜ್ಜೆ: ಈಗಾಗಲೇ ಇರುವುದರ ಲೆಕ್ಕ

ಗೂಗಲ್ ಸರ್ಚ್ ಕನ್ಸೋಲ್ ಉಚಿತವಾದ ಸೇವೆ. ಅಂಗಡಿಯ ಒಡೆತನವನ್ನು ಅದರಲ್ಲಿ ದೃಢಪಡಿಸಿಕೊಂಡರೆ ಎಡಬದಿಯ ಪಟ್ಟಿಯಲ್ಲಿ ‘ಲಿಂಕ್ಸ್’ ಎಂಬ ವರದಿ ಸಿಗುತ್ತದೆ. ನಿಮ್ಮ ಯಾವ ಪುಟಗಳಿಗೆ ಹೆಚ್ಚು ಕೊಂಡಿಗಳಿವೆ, ಯಾವ ಜಾಲತಾಣಗಳು ಅವನ್ನು ಕೊಟ್ಟಿವೆ, ಕೊಂಡಿಯ ಪಠ್ಯದಲ್ಲಿ ಯಾವ ಪದಗಳಿವೆ ಎಂಬ ಮೂರು ಸಂಗತಿಗಳು ಅಲ್ಲಿರುತ್ತವೆ. ಇದನ್ನು ಒಂದು ಹಾಳೆಗೆ ಇಳಿಸಿಕೊಂಡು ದಿನಾಂಕ ಹಾಕಿ ಇಟ್ಟುಕೊಳ್ಳಿ. ಎಷ್ಟು ಕೊಂಡಿಗಳು ಎಂಬುದಕ್ಕಿಂತ ಎಷ್ಟು ಬೇರೆಬೇರೆ ಜಾಲತಾಣಗಳು ಎಂಬ ಸಂಖ್ಯೆಗೆ ಗಮನ ಕೊಡಿ. ಒಂದೇ ತಾಣದ ಪ್ರತಿ ಪುಟದ ತಳದಲ್ಲೂ ನಿಮ್ಮ ಹೆಸರಿದ್ದರೆ ಕೊಂಡಿಗಳು ಸಾವಿರವಾಗಿ ಕಂಡರೂ ಶಿಫಾರಸು ಮಾಡಿದವರು ಒಬ್ಬರೇ. ‘ಡೊಮೇನ್ ಅಥಾರಿಟಿ’ ಎಂಬ ಅಂಕ ಮಾಜ಼್ ಎಂಬ ಸಂಸ್ಥೆಯ ಲೆಕ್ಕಾಚಾರವೇ ಹೊರತು ಗೂಗಲ್ ಕೊಡುವ ಅಂಕವಲ್ಲ. ತಾಣಗಳನ್ನು ಹೋಲಿಸಿ ನೋಡಲು ಅದು ನೆರವಾದೀತು. ಅದನ್ನೇ ಗುರಿಯಾಗಿಸಿಕೊಂಡರೆ ದಾರಿ ತಪ್ಪುತ್ತದೆ.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿದ ಕೊಂಡಿಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಖಾಸಗಿ ಸಂಭಾಷಣೆಗಳನ್ನು ಹುಡುಕುಯಂತ್ರ ಓದುವುದಿಲ್ಲ. ಇನ್‌ಸ್ಟಾಗ್ರಾಮ್‌ನ ಪರಿಚಯದಲ್ಲಿ ಹಾಕಿದ ಕೊಂಡಿಯಿಂದಲೂ ಶ್ರೇಯಾಂಕಕ್ಕೆ ಹೇಳಿಕೊಳ್ಳುವಂತಹ ಬಲವಿಲ್ಲ. ನಮ್ಮ ಸೀರೆ ವ್ಯಾಪಾರಿಗಳಲ್ಲಿ ಅನೇಕರು ಈ ಎರಡನ್ನೇ ನೆಚ್ಚಿಕೊಂಡಿರುವುದರಿಂದ ಇದನ್ನು ಮೊದಲೇ ಹೇಳಬೇಕಾಯಿತು. ಅಲ್ಲಿಂದ ಗಿರಾಕಿಗಳು ಬರುತ್ತಾರೆ ಎಂಬುದು ನಿಜ, ಆದರೆ ಅದು ಬೇರೆಯೇ ಕೆಲಸ.

ಎರಡನೆಯ ಹೆಜ್ಜೆ: ಅಳಿಯದ ವಿಳಾಸ

ಕೈಮಗ್ಗದ ಅಂಗಡಿಗೆ ಸಿದ್ಧ ಉಡುಪಿನ ಅಂಗಡಿಗಿಲ್ಲದ ತೊಂದರೆಯೊಂದಿದೆ. ಪ್ರತಿಯೊಂದು ಸೀರೆಯೂ ಒಂದೇ ಒಂದು. ಅದು ಮಾರಾಟವಾದೊಡನೆ ಅಂಗಡಿಯವರು ಆ ಪುಟವನ್ನೇ ಅಳಿಸಿಬಿಡುತ್ತಾರೆ. ಯಾರೋ ಮೆಚ್ಚಿ ತಮ್ಮ ಬರಹದಲ್ಲಿ ಕೊಂಡಿ ಕೊಟ್ಟಿದ್ದರೆ ಮರುದಿನದಿಂದ ಅದು ‘ಪುಟ ಸಿಗಲಿಲ್ಲ’ ಎನ್ನುವ 404 ದೋಷದ ಪುಟಕ್ಕೆ ಹೋಗಿ ನಿಲ್ಲುತ್ತದೆ. ಹೊಸ ಕೊಂಡಿಗಳನ್ನು ಬೇಡಿಕೊಂಡು ಹೋಗುವ ಮುನ್ನ ಈ ಸೋರಿಕೆಯನ್ನು ಮುಚ್ಚಬೇಕು, ಇಲ್ಲವಾದರೆ ತೂತುಬಿದ್ದ ಕೊಡಕ್ಕೆ ನೀರು ಹೊತ್ತಂತೆ.

ಮಾರಾಟವಾದ ಸೀರೆಗೆ ಹೊರಗಿನ ಕೊಂಡಿ ಇದ್ದರೆ ಪುಟವನ್ನು ಉಳಿಸಿ, ‘ಈ ಸೀರೆ ಮಾರಾಟವಾಗಿದೆ’ ಎಂದು ಬರೆದು, ಅದೇ ಬಣ್ಣದ ಅಥವಾ ಅದೇ ದಡಿಯ ಬೇರೆ ಸೀರೆಗಳನ್ನು ಕೆಳಗೆ ತೋರಿಸಿ. ಪುಟವನ್ನು ತೆಗೆಯಲೇಬೇಕಾದಲ್ಲಿ ಅದಕ್ಕೆ ಅತಿ ಹತ್ತಿರದ ವಿಭಾಗಕ್ಕೆ 301 ಮರುನಿರ್ದೇಶನ (ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳುಹಿಸುವ ವ್ಯವಸ್ಥೆ) ಕೊಡಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು ಸುಲಭದ ಉಪಾಯವೆಂದು ತೋರುತ್ತದೆ. ಆದರೆ ಸಂಬಂಧವಿಲ್ಲದ ಪುಟಕ್ಕೆ ತಿರುಗಿಸಿದ್ದನ್ನು ಗೂಗಲ್ ಬಹುಮಟ್ಟಿಗೆ ‘ಸಾಫ್ಟ್ 404’, ಅಂದರೆ ಇಲ್ಲದ ಪುಟ ಎಂದೇ ಎಣಿಸುತ್ತದೆ, ಹಾಗಾಗಿ ಕೊಂಡಿಯ ಬಲ ಉಳಿಯುವುದಿಲ್ಲ. ಇನ್ನು ಮುಂದೆ ಯಾರಲ್ಲಿಯಾದರೂ ಕೊಂಡಿ ಕೇಳುವಾಗ ಬಿಡಿ ಸೀರೆಯ ಪುಟವನ್ನು ಕೊಡದೆ, ‘ಕಸೂತಿ ಇಳಕಲ್’, ‘ಒಂಬತ್ತು ಗಜದ ಸೀರೆಗಳು’ ಎಂಬಂತಹ ಬಹುಕಾಲ ನಿಲ್ಲುವ ವಿಭಾಗದ ಪುಟವನ್ನೇ ಕೊಡಿ. ಯುಗಾದಿ, ದೀಪಾವಳಿಗಳ ಮಾರಾಟಕ್ಕೂ ವರ್ಷವರ್ಷ ಹೊಸ ಪುಟ ಬೇಡ. ವಿಳಾಸದಲ್ಲಿ ಇಸವಿ ಸೇರಿಸದೆ ಒಂದೇ ಪುಟವನ್ನು ಪ್ರತಿವರ್ಷ ಪರಿಷ್ಕರಿಸಿದರೆ ಹಳೆಯ ಕೊಂಡಿಗಳು ಹೊಸ ಹಬ್ಬಕ್ಕೂ ದುಡಿಯುತ್ತವೆ.

ಕನ್ನಡದಲ್ಲಿ ಪುಟ ಬರೆಯುವವರು ಗಮನಿಸಬೇಕಾದ ಇನ್ನೊಂದು ಮಾತಿದೆ. ಪುಟದ ವಿಳಾಸವನ್ನೂ ಕನ್ನಡ ಲಿಪಿಯಲ್ಲೇ ಇಟ್ಟರೆ, ಅದನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಪ್ರತಿ ಅಕ್ಷರಭಾಗವೂ ಶೇಕಡಾ ಚಿಹ್ನೆಗಳಿಂದ ಕೂಡಿದ ಒಂಬತ್ತು ಚಿಹ್ನೆಗಳಾಗಿ ಒಡೆಯುತ್ತದೆ. ‘ಇಳಕಲ್’ ಎಂಬ ಒಂದು ಪದವೇ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಅದನ್ನು ನೋಡಿದವರು ಏನೋ ಕೆಟ್ಟ ಕೊಂಡಿಯೆಂದು ಅಳಿಸಿಬಿಡುತ್ತಾರೆ. ಪಠ್ಯವೂ ಶೀರ್ಷಿಕೆಯೂ ಕನ್ನಡದಲ್ಲಿರಲಿ, ವಿಳಾಸ ಮಾತ್ರ ರೋಮನ್ ಲಿಪಿಯಲ್ಲಿ ಚಿಕ್ಕದಾಗಿರಲಿ. ಭಾಷಾಭಿಮಾನದ ದೃಷ್ಟಿಯಿಂದ ಹೀಗೆ ಹೇಳಲು ಮನಸ್ಸು ಒಪ್ಪದಿದ್ದರೂ ವ್ಯವಹಾರದಲ್ಲಿ ಇದೇ ಸರಿ.

ಮೂರನೆಯ ಹೆಜ್ಜೆ: ಕೊಂಡಿ ಕೊಡಲು ಕಾರಣವಿರುವ ಪುಟ

ಈ ಮಾರ್ಗದರ್ಶಿಯ ಮುಖ್ಯ ಭಾಗ ಇದು. ಬೆಲೆ, ಅಳತೆ ಮತ್ತು ‘ಬುಟ್ಟಿಗೆ ಸೇರಿಸಿ’ ಎಂಬ ಗುಂಡಿ ಮಾತ್ರ ಇರುವ ಪುಟಕ್ಕೆ ಕೊಂಡಿ ಕೊಡಲು ಯಾರಿಗೂ ಕಾರಣವಿಲ್ಲ. ಬರೆಯುವವರು, ಕಲಿಸುವವರು, ಸಂಶೋಧನೆ ಮಾಡುವವರು ತಮ್ಮ ಓದುಗರಿಗೆ ತೋರಿಸಬೇಕೆಂದುಕೊಳ್ಳುವ ಏನಾದರೂ ನಿಮ್ಮ ತಾಣದಲ್ಲಿರಬೇಕು. ಅದೃಷ್ಟವಶಾತ್ ಇಳಕಲ್ ಸೀರೆಗೆ ಹೇಳಿಕೊಳ್ಳುವ ವಿಷಯದ ಬರವಿಲ್ಲ, ಬರವಿರುವುದು ಅದನ್ನು ಸರಿಯಾಗಿ ಬರೆದಿಟ್ಟ ಪುಟಗಳಿಗೆ.

ಉದಾಹರಣೆಗೆ ‘ತೋಪು ತೆನಿ’ಯನ್ನೇ ನೋಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆಗಳ ಸಾಲಿನಿಂದ ಒಂದಕ್ಕೊಂದು ಕೋದು ಜೋಡಿಸುವುದನ್ನೇ ತೋಪು ತೆನಿ ಎನ್ನುತ್ತಾರೆ. ಹೀಗಾಗಿ ತೋಪು ತೆನಿ ಸೆರಗು ಬೇಕೆಂದರೆ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಈ ಜೋಡಣೆಯ ಹಂತಗಳನ್ನು ಮಗ್ಗದ ಮುಂದೆ ಕುಳಿತು ಒಂದೊಂದಾಗಿ ಫೋಟೊ ತೆಗೆಸಿ, ನೇಕಾರರು ಆಡುವ ಪದಗಳನ್ನೇ ಉಳಿಸಿಕೊಂಡು, ಪ್ರತಿ ಹಂತಕ್ಕೂ ಎರಡು ವಾಕ್ಯ ಬರೆದರೆ, ಅದು ವಿನ್ಯಾಸ ಕಲಿಯುವ ವಿದ್ಯಾರ್ಥಿಗಳೂ ಜವಳಿ ಬಗ್ಗೆ ಬರೆಯುವ ಪತ್ರಕರ್ತರೂ ಹುಡುಕಿಕೊಂಡು ಬರುವ ಪುಟವಾಗುತ್ತದೆ. ಇದೇ ರೀತಿ ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಮುಂಬದಿ ಮತ್ತು ಹಿಂಬದಿಗಳನ್ನು ಹತ್ತಿರದಿಂದ ತೋರಿಸುವ ಪುಟ, ಕೈಮಗ್ಗದ ಸೀರೆಯನ್ನು ವಿದ್ಯುತ್ ಮಗ್ಗದ ಅನುಕರಣೆಯಿಂದ ಬೇರ್ಪಡಿಸುವ ಲಕ್ಷಣಗಳ ಪುಟ, ಉತ್ತರ ಕರ್ನಾಟಕದಲ್ಲಿ ‘ದಡಿ’ ಎಂದೂ ಬೆಂಗಳೂರಿನ ಕಡೆ ‘ಅಂಚು’ ಎಂದೂ ಕರೆಯುವಂತಹ ಪದಗಳ ಸಣ್ಣ ನಿಘಂಟು, ಇವೆಲ್ಲವನ್ನೂ ಯೋಚಿಸಬಹುದು.

ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಪೂರ್ತಿಯಾಗಿ ಮಾಡಿ ಎಂಬುದು ನನ್ನ ಸಲಹೆ. ವಾರಕ್ಕೆರಡರಂತೆ ಬರೆಸಿದ ‘ಸೀರೆ ಆರಿಸುವ 10 ಸಲಹೆಗಳು’ ಎಂಬ ಬಗೆಯ ಐವತ್ತು ಲೇಖನಗಳಿಗಿಂತ, ಮಗ್ಗದ ಮುಂದೆ ಎರಡು ದಿನ ಕಳೆದು ಮಾಡಿದ ಒಂದು ಪುಟ ಹೆಚ್ಚು ದೂರ ಹೋಗುತ್ತದೆ. ಮೊದಲಿನದನ್ನು ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಬರೆಯಬಲ್ಲರು, ಎರಡನೆಯದಕ್ಕೆ ಇಳಕಲ್‌ಗೆ ಹೋಗಬೇಕು. ನೇಕಾರರ ಹೆಸರನ್ನೂ ಮುಖವನ್ನೂ ಪ್ರಕಟಿಸುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಚಿತ್ರಗಳನ್ನು ಬಳಸಲು ಬಯಸುವವರು ಕೊಂಡಿಯೊಂದಿಗೆ ಕೃಪೆ ನಮೂದಿಸಿ ಬಳಸಬಹುದೆಂದು ಪುಟದ ಕೊನೆಯಲ್ಲಿ ಬರೆದಿಡಿ. ಒಳ್ಳೆಯ ಮಗ್ಗದ ಚಿತ್ರ ಪದಗಳಿಗಿಂತ ಬೇಗ ಹರಡುತ್ತದೆ, ಹರಡಿದ್ದನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ ಪತ್ತೆಹಚ್ಚಲೂ ಬರುತ್ತದೆ. ಹೆಸರು ಹಾಕದೆ ಬಳಸಿದವರಿಗೆ ನೋಟಿಸಿನ ಭಾಷೆಯಲ್ಲಿ ಬರೆಯದೆ, ‘ನಮ್ಮ ಚಿತ್ರವನ್ನು ಬಳಸಿದ್ದಕ್ಕೆ ಸಂತೋಷ, ಕೆಳಗೆ ಈ ಪುಟದ ಕೊಂಡಿ ಸೇರಿಸಿದರೆ ಉಪಕಾರವಾಗುತ್ತದೆ’ ಎಂದು ಎರಡು ಸಾಲು ಬರೆದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಬಲ್ಲವರಿಂದ ಆರಂಭ

ನಿಮ್ಮನ್ನು ಈಗಾಗಲೇ ಬಲ್ಲವರ ಪಟ್ಟಿ ಮಾಡಿ. ನೂಲು ಮತ್ತು ಬಣ್ಣ ಪೂರೈಸುವವರು, ನಿಮ್ಮ ಸೀರೆಯನ್ನು ಇಟ್ಟುಕೊಳ್ಳುವ ಬೇರೆ ಊರಿನ ಮಳಿಗೆಗಳು, ನೇಕಾರರ ಸಹಕಾರ ಸಂಘ, ಅಂಗಡಿಯ ತಂತ್ರಾಂಶ ಒದಗಿಸಿದವರು, ನೀವು ಪಾಲ್ಗೊಂಡ ಕರಕುಶಲ ಮೇಳದ ಸಂಘಟಕರು, ಇವರಲ್ಲಿ ಜಾಲತಾಣ ಇರುವವರು ಯಾರು ಎಂದು ನೋಡಿ. ಮಳಿಗೆಗಳ ವಿಳಾಸ ಕೊಡುವ ಪುಟ, ಮೇಳದಲ್ಲಿ ಭಾಗವಹಿಸಿದವರ ಪಟ್ಟಿ, ಗ್ರಾಹಕರ ಅನುಭವದ ಪುಟ ಇವುಗಳಲ್ಲಿ ನಿಮ್ಮ ಹೆಸರು ಸಹಜವಾಗಿ ಸೇರಬಹುದಾದದ್ದೇ. ಒಂದು ದೂರವಾಣಿ ಕರೆಯಲ್ಲಿ ಆಗುವ ಕೆಲಸಕ್ಕೆ ದೀರ್ಘ ಪತ್ರ ಬೇಡ. ನಂತರ ಅಂಗಡಿಯ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿದರೆ, ಹೆಸರು ಬರೆದೂ ಕೊಂಡಿ ಕೊಡದೆ ಬಿಟ್ಟ ಪುಟಗಳು ಸಿಗುತ್ತವೆ. ಗೂಗಲ್ ಅಲರ್ಟ್ಸ್‌ನಲ್ಲಿ ಅದೇ ಹೆಸರನ್ನು ಹಾಕಿಟ್ಟರೆ ಮುಂದಿನವು ಮಿಂಚಂಚೆಗೆ ತಾವಾಗಿ ಬರುತ್ತವೆ.

ವಿಕಿಪೀಡಿಯದ ಲೇಖನಗಳಿಗೆ ಹೋಗಿ ನಿಮ್ಮ ಅಂಗಡಿಯ ಕೊಂಡಿ ಸೇರಿಸುವ ಆಸೆಯನ್ನು ಬಿಟ್ಟುಬಿಡಿ. 2007ರಿಂದ ಅಲ್ಲಿನ ಹೊರಕೊಂಡಿಗಳಿಗೆಲ್ಲ ‘ನೋಫಾಲೋ’ (ಈ ಕೊಂಡಿಯನ್ನು ಶಿಫಾರಸಾಗಿ ಎಣಿಸಬೇಡಿ ಎಂದು ಹುಡುಕುಯಂತ್ರಕ್ಕೆ ಹೇಳುವ) ಗುರುತಿದೆ. ಅಲ್ಲದೆ ಸ್ವಂತ ವ್ಯಾಪಾರದ ಪ್ರಚಾರವನ್ನು ಸಂಪಾದಕರು ಬೇಗನೆ ತೆಗೆದುಹಾಕುತ್ತಾರೆ.

ಐದನೆಯ ಹೆಜ್ಜೆ: ಅಪರಿಚಿತರಿಗೆ ಪತ್ರ

ಕೈಮಗ್ಗ, ಕಸೂತಿ, ಉತ್ತರ ಕರ್ನಾಟಕದ ಪ್ರವಾಸ, ಸೀರೆ ಉಡುವ ಬಗೆ ಇಂತಹ ವಿಷಯಗಳ ಮೇಲೆ ಬರೆಯುವ ಇಪ್ಪತ್ತು ತಾಣಗಳನ್ನು ಆರಿಸಿ, ಪ್ರತಿಯೊಂದನ್ನೂ ನಿಜವಾಗಿ ಓದಿ. ಇಳಕಲ್ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿರುವ ಜಿಲ್ಲೆಯಲ್ಲೇ ಇದೆ. ಅಲ್ಲಿಗೆ ಹೋಗುವ ಪ್ರವಾಸಿಗರಿಗಾಗಿ ಬರೆಯುವವರು ಮಗ್ಗದ ಮನೆಗಳನ್ನು ಎಲ್ಲಿ ನೋಡಬಹುದೆಂಬ ಮಾಹಿತಿಯನ್ನು ಸ್ವಾಗತಿಸಿಯಾರು ಎಂಬುದು ಓದಿದಾಗಲೇ ಹೊಳೆಯುವ ಸಂಗತಿ. ಓದುವಾಗ ಅವರ ಲೇಖನದಲ್ಲಿರುವ ಮುರಿದ ಕೊಂಡಿ, ಚಿತ್ರವಿಲ್ಲದ ವಿವರಣೆ, ತಪ್ಪಾದ ಹೆಸರು ಏನಾದರೂ ಇದ್ದರೆ ಗುರುತು ಮಾಡಿಕೊಳ್ಳಿ. ನಿಮ್ಮ ಪುಟ ಆ ಕೊರತೆಯನ್ನು ತುಂಬುವಂತಿದ್ದರೆ ಮಾತ್ರ ಬರೆಯಿರಿ. ಪತ್ರ ಹೀಗಿರಬಹುದು:

“ಮಾನ್ಯರೇ, ನಮಸ್ಕಾರ. ಕಸೂತಿಯ ಬಗ್ಗೆ ತಾವು ಬರೆದ ಲೇಖನವನ್ನು ಓದಿದೆ. ಮುರಗಿ ಹೊಲಿಗೆಯ ವಿವರಣೆಯ ಜೊತೆಗಿರುವ ಕೊಂಡಿ ಈಗ ತೆರೆಯುತ್ತಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ. ನಾವು ಇಳಕಲ್‌ನ ನೇಕಾರರಿಂದ ಸೀರೆ ಕೊಂಡು ಮಾರುವವರು. ನಾಲ್ಕೂ ಹೊಲಿಗೆಗಳನ್ನು ಎರಡೂ ಬದಿಯಿಂದ ತೋರಿಸುವ ಪುಟವೊಂದನ್ನು ಸಿದ್ಧಪಡಿಸಿದ್ದೇವೆ. ಅದರ ಕೊಂಡಿ ಕೆಳಗಿದೆ. ತಮ್ಮ ಓದುಗರಿಗೆ ಉಪಯೋಗವೆನಿಸಿದರೆ ಸೇರಿಸಬಹುದು. ಚಿತ್ರಗಳನ್ನು ಬಳಸಲೂ ನಮ್ಮ ಒಪ್ಪಿಗೆಯಿದೆ.”

ನೀವು ವ್ಯಾಪಾರಿ ಎಂಬುದನ್ನು ಪತ್ರದಲ್ಲಿ ಮುಚ್ಚಿಡಬೇಡಿ, ಮತ್ತು ಕೊಂಡಿಯಲ್ಲಿ ಇಂತಹದೇ ಪದಗಳಿರಬೇಕೆಂದು ಕೇಳಬೇಡಿ. ‘ಕಡಿಮೆ ಬೆಲೆಯ ಇಳಕಲ್ ಸೀರೆ ಆನ್‌ಲೈನ್’ ಎಂಬ ಒಂದೇ ಪದಪುಂಜ ಇಪ್ಪತ್ತು ತಾಣಗಳಲ್ಲಿ ಕಂಡರೆ ಅದು ಹೇಳಿ ಬರೆಸಿದ್ದೆಂದು ಯಂತ್ರಕ್ಕೂ ಗೊತ್ತಾಗುತ್ತದೆ. ಜನ ತಾವಾಗಿ ಬರೆದಾಗ ಒಬ್ಬರು ಅಂಗಡಿಯ ಹೆಸರನ್ನೂ ಇನ್ನೊಬ್ಬರು ‘ಇಲಕಲ್’ ಎಂಬ ರೂಪವನ್ನೂ ಮತ್ತೊಬ್ಬರು ‘ಇಲ್ಲಿ ನೋಡಿ’ ಎಂಬುದನ್ನೂ ಬಳಸುತ್ತಾರೆ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ ಸುಮ್ಮನಾಗಿ. ಇಪ್ಪತ್ತರಲ್ಲಿ ಒಬ್ಬಿಬ್ಬರು ಸೇರಿಸಿಕೊಂಡರೂ ಆ ತಿಂಗಳ ಕೆಲಸ ಆದಂತೆಯೇ.

ಆರನೆಯ ಹೆಜ್ಜೆ: ಪತ್ರಿಕೆಗಳ ಋತು

ಪತ್ರಕರ್ತರಿಗೆ ವಿಷಯ ಬೇಕಾಗುವ ಕಾಲ ಮೊದಲೇ ಗೊತ್ತಿರುತ್ತದೆ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಚರಣೆಯಲ್ಲಿದೆ. ಆ ವಾರ ಕೈಮಗ್ಗದ ಬಗ್ಗೆ ಬರೆಯಬೇಕಾದವರು ಜುಲೈ ಮಧ್ಯದಲ್ಲೇ ಸಾಮಗ್ರಿ ಹುಡುಕುತ್ತಾರೆ, ಹಾಗಾಗಿ ಆಗಸ್ಟ್ 6ರ ಸಂಜೆ ಕಳುಹಿಸಿದ ಪತ್ರ ವ್ಯರ್ಥ. ನವೆಂಬರ್ 1ರ ರಾಜ್ಯೋತ್ಸವ ಇನ್ನೊಂದು ಸಂದರ್ಭ. ಹೊರದೇಶಗಳ ಕನ್ನಡ ಕೂಟಗಳಿಗೆ ಆಗ ಕರ್ನಾಟಕದ ಉಡುಗೆಯ ಬಗ್ಗೆ ಸಂಚಿಕೆಯಲ್ಲೋ ತಾಣದಲ್ಲೋ ಬರಹ ಬೇಕಾಗಿರುತ್ತದೆ. ಅವರಿಗೆ ಕಳುಹಿಸಬೇಕಾದದ್ದು ರಿಯಾಯಿತಿಯ ಪ್ರಕಟಣೆಯಲ್ಲ. ಉತ್ತಮ ಗುಣಮಟ್ಟದ ನಾಲ್ಕು ಚಿತ್ರಗಳು, ಪ್ರತಿಯೊಂದಕ್ಕೂ ಅಡಿಬರಹ, ಮಾತನಾಡಲು ಒಪ್ಪಿರುವ ನೇಕಾರರೊಬ್ಬರ ಸಂಪರ್ಕ, ಮತ್ತು ನೀವು ಸ್ವತಃ ಕಂಡು ಬಲ್ಲ ಮಾಹಿತಿ.

ಏಳನೆಯ ಹೆಜ್ಜೆ: ಹಣ ಕೈ ಬದಲಾದಲ್ಲಿ

‘ಕೆಲವೇ ಸಾವಿರ ರೂಪಾಯಿಗೆ 500 ಬ್ಯಾಕ್‌ಲಿಂಕ್’ ಎಂಬ ಮಿಂಚಂಚೆ ನನಗೂ ವಾರಕ್ಕೊಮ್ಮೆ ಬರುತ್ತದೆ, ನಿಮಗೂ ಬರುತ್ತಿರಬಹುದು. ಅದರ ಪರಿಣಾಮಕ್ಕೆ ಹಳೆಯ, ಆದರೆ ಇಂದಿಗೂ ಚೆನ್ನಾಗಿ ಅರ್ಥವಾಗುವ ಉದಾಹರಣೆ ಅಮೆರಿಕದ ಜೆಸಿ ಪೆನ್ನಿ ಮಳಿಗೆಯದು. ಸಂಬಂಧವಿಲ್ಲದ ನೂರಾರು ತಾಣಗಳಲ್ಲಿ ಅದಕ್ಕೆ ಹಣ ಕೊಟ್ಟು ಹಾಕಿಸಿದ ಸಾವಿರಾರು ಕೊಂಡಿಗಳಿದ್ದುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಗೂಗಲ್ ಕ್ರಮ ಕೈಗೊಂಡ ಎರಡೇ ಗಂಟೆಗಳಲ್ಲಿ ‘ಲಿವಿಂಗ್ ರೂಮ್ ಫರ್ನಿಚರ್’ ಎಂಬ ಹುಡುಕಾಟದಲ್ಲಿ ಮೊದಲ ಸ್ಥಾನದಲ್ಲಿದ್ದ ಮಳಿಗೆ 68ನೆಯ ಸ್ಥಾನಕ್ಕಿಳಿಯಿತು. ತಮ್ಮ ಕೊಂಡಿಗಳ ಬಗ್ಗೆ ತಮಗೆ ತಿಳಿದಿರಲಿಲ್ಲವೆಂದು ಮಳಿಗೆಯವರು ಹೇಳಿ, ಆ ಕೆಲಸಕ್ಕೆ ನೇಮಿಸಿಕೊಂಡಿದ್ದ ಸಂಸ್ಥೆಯನ್ನು ಕೈಬಿಟ್ಟರು. ಸ್ಥಾನ ಮಾತ್ರ ಹೋಗಿಯಾಗಿತ್ತು. ಮರುವರ್ಷ, 2012ರ ಏಪ್ರಿಲ್‌ನಲ್ಲಿ, ಇಂತಹ ಕೊಂಡಿಗಳನ್ನು ಗುರಿಯಾಗಿಸಿಕೊಂಡ ‘ಪೆಂಗ್ವಿನ್’ ಪರಿಷ್ಕರಣೆ ಬಂದಿತು, 2016ರಲ್ಲಿ ಅದು ಗೂಗಲ್‌ನ ಮೂಲ ವ್ಯವಸ್ಥೆಯ ಭಾಗವಾಯಿತು. ಈಗ ಇಂತಹ ಕೊಂಡಿಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಎಣಿಕೆಯಿಂದ ಹೊರಗುಳಿಯುತ್ತವೆ. ಅಂದರೆ ದಂಡ ಬೀಳದಿದ್ದರೂ ಕೊಟ್ಟ ಹಣ ನೀರಿಗೆ ಹೋದಂತೆಯೇ.

ಹಣ ಕೊಡುವುದೇ ತಪ್ಪೆಂದಲ್ಲ. ಜಾಹೀರಾತು ಕೊಡಬಹುದು, ಕನ್ನಡ ಸಂಘದ ಕಾರ್ಯಕ್ರಮಕ್ಕೆ ಪ್ರಾಯೋಜಕರಾಗಬಹುದು, ಬರೆಯುವವರಿಗೆ ಸೀರೆಯನ್ನು ಉಚಿತವಾಗಿ ಕಳುಹಿಸಬಹುದು. ಆದರೆ ಕೊಂಡಿಗಾಗಿ ಹಣ, ವಸ್ತು, ಸೇವೆ ಯಾವುದನ್ನು ಕೊಟ್ಟರೂ ಗೂಗಲ್‌ನ ನಿಯಮದಲ್ಲಿ ಅದು ಕೊಂಡ ಕೊಂಡಿಯೇ. ಅದಕ್ಕೆ 2019ರಲ್ಲಿ ಬಂದ ‘ಸ್ಪಾನ್ಸರ್ಡ್’ ಗುರುತನ್ನೋ 2005ರಿಂದಿರುವ ‘ನೋಫಾಲೋ’ ಗುರುತನ್ನೋ ಹಾಕಬೇಕು. ಸೀರೆ ಕಳುಹಿಸುವಾಗಲೇ ಇದನ್ನು ತಿಳಿಸಿಬಿಡಿ. ಉಚಿತವಾಗಿ ಪಡೆದದ್ದೆಂದು ಅವರು ಓದುಗರಿಗೂ ಹೇಳಬೇಕೆಂಬುದು ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿದೆ. ‘ನೀವು ನಮಗೆ ಕೊಡಿ, ನಾವು ನಿಮಗೆ ಕೊಡುತ್ತೇವೆ’ ಎಂಬ ಕೊಂಡಿಗಳ ಕೊಡುಕೊಳ್ಳುವಿಕೆಯೂ ಮಿತಿ ಮೀರಿದರೆ ಇದೇ ಸಾಲಿಗೆ ಸೇರುತ್ತದೆ.

ನಿಮ್ಮ ಅಂಗಡಿಗೆ ಹಿಂದೆ ಯಾರೋ ಇಂತಹ ಕೊಂಡಿಗಳನ್ನು ಕೊಂಡಿಟ್ಟಿದ್ದರೆ, ಸರ್ಚ್ ಕನ್ಸೋಲ್‌ನಲ್ಲಿ ‘ಮ್ಯಾನುಯಲ್ ಆ್ಯಕ್ಷನ್ಸ್’ (ಗೂಗಲ್ ಸಿಬ್ಬಂದಿ ಕೈಗೊಂಡ ಕ್ರಮಗಳ) ವರದಿಯನ್ನು ನೋಡಿ. ಅಲ್ಲಿ ಕ್ರಮ ದಾಖಲಾಗಿದ್ದರೆ ಆ ತಾಣಗಳಿಗೆ ಬರೆದು ತೆಗೆಸಿ, ತೆಗೆಸಲಾಗದವನ್ನು 2012ರ ಅಕ್ಟೋಬರ್‌ನಲ್ಲಿ ಬಂದ ‘ಡಿಸ್‌ಅವೋ’ ಸಾಧನದ ಮೂಲಕ ನಿರಾಕರಿಸಿ. ಅಂತಹ ಕ್ರಮವಿಲ್ಲದಿದ್ದರೆ, ಕಣ್ಣಿಗೆ ವಿಚಿತ್ರವಾಗಿ ಕಂಡ ಕೊಂಡಿಗಳನ್ನೆಲ್ಲ ನಿರಾಕರಿಸುತ್ತ ಕೂರಬೇಡಿ, ಒಳ್ಳೆಯದೂ ಹೋದೀತು.

ಎಂಟನೆಯ ಹೆಜ್ಜೆ: ಬಂದ ಬಲವನ್ನು ಒಳಗೆ ಹರಿಸುವುದು

ಕೊಂಡಿಗಳು ಬರುವುದು ತೋಪು ತೆನಿಯ ಪುಟಕ್ಕೆ, ಮಾರಾಟವಾಗಬೇಕಾದದ್ದು ಸೀರೆಗಳ ಪುಟದಲ್ಲಿ. ನಡುವೆ ಕಾಲುವೆ ತೆಗೆಯುವ ಕೆಲಸ ನಿಮ್ಮದು. ಜೋಡಣೆಯ ವಿವರಣೆ ಮುಗಿಯುವಲ್ಲಿ ‘ತೋಪು ತೆನಿ ಸೆರಗಿನ ಸೀರೆಗಳು’ ಎಂಬ ಪದಗಳಿಗೇ ಆ ವಿಭಾಗದ ಕೊಂಡಿ ಕೊಡಿ. ಒಳಗಿನ ಕೊಂಡಿಗಳಲ್ಲಿ ಹೀಗೆ ಸ್ಪಷ್ಟ ಪದ ಬಳಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ವಿಭಾಗದ ಪುಟದಿಂದಲೂ ವಿವರಣೆಯ ಪುಟಕ್ಕೆ ದಾರಿ ಇರಲಿ. ಮೊಬೈಲ್‌ನಲ್ಲಿ ತೆರೆದು ನೋಡಿ, ಮೂರು ಒತ್ತುಗಳೊಳಗೆ ಯಾವ ಸೀರೆಯನ್ನಾದರೂ ತಲುಪಬಹುದೇ ಎಂದು ಪರೀಕ್ಷಿಸಿ.

ಅಳತೆ

ಹೊಸ ಕೊಂಡಿಯನ್ನು ಗೂಗಲ್ ಕಂಡು, ಓದಿ, ಅದರ ಪರಿಣಾಮ ಶ್ರೇಯಾಂಕದಲ್ಲಿ ತೋರಲು ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ, ಆದ್ದರಿಂದ ದಿನವೂ ಸ್ಥಾನ ನೋಡುವುದರಲ್ಲಿ ಅರ್ಥವಿಲ್ಲ. ತಿಂಗಳಿಗೊಮ್ಮೆ ಮೊದಲ ಹಾಳೆಯ ಪಕ್ಕದಲ್ಲೇ ಹೊಸ ಅಂಕಣ ಸೇರಿಸಿ, ಕೊಂಡಿ ಕೊಟ್ಟ ತಾಣಗಳ ಸಂಖ್ಯೆ, ಅಲ್ಲಿಂದ ನೇರವಾಗಿ ಬಂದ ಓದುಗರು, ಅವರಲ್ಲಿ ಕೊಂಡವರು ಎಂಬ ಮೂರನ್ನು ಬರೆದಿಡಿ. ಆರು ತಿಂಗಳಾದ ಮೇಲೆ ಹೆಚ್ಚು ಕೊಂಡಿ ಪಡೆದ ಪುಟಗಳ ಪಟ್ಟಿಯಲ್ಲಿ ಮುಖಪುಟವೊಂದೇ ಇದ್ದರೆ, ಜನ ನಿಮ್ಮ ಹೆಸರನ್ನು ಬಲ್ಲರು, ಆದರೆ ನಿಮ್ಮ ವಿವರಣೆಯ ಪುಟ ಇನ್ನೂ ಅವರಿಗೆ ಉಪಯೋಗಕ್ಕೆ ಬಂದಿಲ್ಲ ಎಂದರ್ಥ. ಆಗ ಇನ್ನಷ್ಟು ಪತ್ರ ಬರೆಯುವುದನ್ನು ನಿಲ್ಲಿಸಿ, ಮತ್ತೊಮ್ಮೆ ಇಳಕಲ್‌ಗೆ ಹೋಗಿ, ಮೊದಲ ಸಲ ಫೋಟೊ ತೆಗೆಯಲು ಬಿಟ್ಟುಹೋದ ಹಂತಗಳನ್ನು ತೆಗೆಸಿಕೊಂಡು ಬಂದು ಆ ಪುಟವನ್ನೇ ತಿದ್ದಿ ಬರೆಯಿರಿ.